ದಾವಣಗೆರೆಯಿಂದ ಬ್ರೆಮೆನ್‌ಗೆ ಒಂದು ಸೆಮಿಸ್ಟರ್: ಹೋಗುವ ಮುಂಚೆ, ಹೋದ ಮೇಲೆ, ಬಂದ ಮೇಲೆ

2024ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗೆ ನಾನು ಜರ್ಮನಿಯ ಬ್ರೆಮೆನ್ ಊರಿನಲ್ಲಿ ಓದಿದೆ. ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದುತ್ತಿದ್ದವಳು, ಏಳನೇ ಸೆಮಿಸ್ಟರ್ ಅಲ್ಲಿ ಮುಗಿಸಿ ವಾಪಸ್ ಬಂದೆ. ಬಂದಾಗಿನಿಂದ ಜೂನಿಯರ್‌ಗಳು ಕೇಳುತ್ತಲೇ ಇದ್ದಾರೆ. ಅಕ್ಕಾ, ಎಷ್ಟು ಖರ್ಚಾಯ್ತು? ವೀಸಾಕ್ಕೆ ಏನೇನು ಬೇಕು? ಊಟಕ್ಕೆ ಏನು ಮಾಡಿದ್ರಿ? ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವುದಕ್ಕಿಂತ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ನನಗೆ ಈ ಆಸೆ ಹುಟ್ಟಿದ್ದು ಬಸ್ಸಿನಲ್ಲಿ. ಅಜ್ಜಿ ಮನೆ ಚಿತ್ರದುರ್ಗದಲ್ಲಿ. ರಜೆ ಬಂತೆಂದರೆ ಭರಮಸಾಗರ ದಾಟುವಾಗಲೇ ಕಿಟಕಿಗೆ ಅಂಟಿಕೊಂಡು ಕೂರುತ್ತಿದ್ದೆ. ಮುಂದೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವೆ. ಗಾಳಿ ನಿಂತರೆ ಕರೆಂಟ್ ಎಲ್ಲಿಂದ ಬರುತ್ತದೆ ಅಂತ ಆಗ ಮಾವನನ್ನು ಕೇಳಿದ್ದೆ. ಆ ಪ್ರಶ್ನೆಯನ್ನು ಸರಿಯಾಗಿ ಓದಬೇಕು ಅಂತಲೇ ಗಾಳಿ ವಿದ್ಯುತ್ ಜಾಸ್ತಿ ಇರುವ ಉತ್ತರ ಜರ್ಮನಿ ಆರಿಸಿಕೊಂಡೆ.

ಹೆಜ್ಜೆಗಳನ್ನು ಹೇಳುವ ಮುಂಚೆ ಒಂದು ಮಾತು. ನಮ್ಮ ಕಡೆ ಹಿರಿಯರ ಎದುರು ಸುಮ್ನೆ ಇರುವುದು ಒಳ್ಳೆಯ ಮಕ್ಕಳ ಲಕ್ಷಣ. ನಾನೂ ಹಾಗೇ ಬೆಳೆದವಳು. ಈ ಆರು ತಿಂಗಳಲ್ಲಿ ನನಗೆ ಆದ ತೊಂದರೆಗಳೆಲ್ಲ ಕೇಳಬೇಕಾದ ಹೊತ್ತಿನಲ್ಲಿ ಕೇಳದೆ ಸುಮ್ಮನಿದ್ದದ್ದರಿಂದಲೇ ಆದವು. ಅದಕ್ಕೇ ಕೆಳಗೆ ಬರುವ ಪ್ರತಿ ಹೆಜ್ಜೆಯಲ್ಲೂ ಯಾರನ್ನು, ಯಾವಾಗ, ಏನು ಕೇಳಬೇಕು ಅಂತ ಬರೆದಿದ್ದೇನೆ.

ಹೆಜ್ಜೆ 1: ಒಂದು ವರ್ಷ ಮುಂಚೆ ಶುರು ಮಾಡಿ

ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಿಂದ ಮಾರ್ಚ್, ಬೇಸಿಗೆಯದು ಏಪ್ರಿಲ್‌ನಿಂದ ಸೆಪ್ಟೆಂಬರ್. ಅಕ್ಟೋಬರ್‌ಗೆ ಹೋಗಬೇಕೆಂದರೆ ಹಿಂದಿನ ವರ್ಷದ ದಸರಾ ಹೊತ್ತಿಗೇ ಓಡಾಟ ಶುರುವಾಗಬೇಕು.

ಮೊದಲು ನಿಮ್ಮ ಕಾಲೇಜಿಗೆ ಅಥವಾ ವಿಶ್ವವಿದ್ಯಾಲಯಕ್ಕೆ ಹೊರದೇಶದ ಯಾವ ವಿಶ್ವವಿದ್ಯಾಲಯದ ಜೊತೆ ಒಡಂಬಡಿಕೆ ಇದೆ ಅಂತ ವಿಚಾರಿಸಿ. ಒಡಂಬಡಿಕೆಯ ಮೇಲೆ ಹೋದರೆ ಸಾಮಾನ್ಯವಾಗಿ ಅಲ್ಲಿ ಬೋಧನಾ ಶುಲ್ಕ ಕಟ್ಟಬೇಕಾಗಿಲ್ಲ, ಇಲ್ಲಿಯ ಫೀಸ್ ಕಟ್ಟಿದರೆ ಸಾಕು. ನೋಟಿಸ್ ಬೋರ್ಡಿಗೆ ಬರುತ್ತದೆ ಅಂತ ಕಾಯಬೇಡಿ. ನಮ್ಮ ವಿಭಾಗದಲ್ಲಿ ಇಂಥದ್ದೊಂದು ಇದೆ ಅಂತ ನನಗೆ ಗೊತ್ತಾಗಿದ್ದು ಲ್ಯಾಬಿನಲ್ಲಿ ಒಬ್ಬ ಮೇಡಂ ಬೇರೆ ಯಾರಿಗೋ ಹೇಳುವಾಗ ಕಿವಿಗೆ ಬಿದ್ದದ್ದರಿಂದ. ಮರುದಿನವೇ ಹೋಗಿ ಕೇಳಿದೆ.

ಅದೇ ವಾರ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ. ಇದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, ದಾವಣಗೆರೆಯ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಸಾಮಾನ್ಯ 36 ಪುಟದ ಪುಸ್ತಕಕ್ಕೆ 1,500 ರೂಪಾಯಿ. ಇಲ್ಲಿ ನಮ್ಮವರು ಎಡವುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿ ಬರೆಯಬೇಕು. ಆಧಾರ್‌ನಲ್ಲಿ ಮತ್ತೊಂದು ಥರ. ಜರ್ಮನಿಯ ಪ್ರತಿ ಫಾರಂ ನಿಮ್ಮ ಹೆಸರು ಬೇರೆ, ಮನೆತನದ ಹೆಸರು ಬೇರೆ ಕೇಳುತ್ತದೆ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ, ಒಂದಕ್ಷರ ಬದಲಿಸದೆ ಎಲ್ಲ ಕಡೆ ಬರೆಯಿರಿ. ಅಂಕಪಟ್ಟಿಯಲ್ಲಿ ಬೇರೆ ಇದ್ದರೆ ಎರಡೂ ಹೆಸರು ಒಬ್ಬರದೇ ಅಂತ ನೋಟರಿಯಿಂದ ಅಫಿಡವಿಟ್ ಮಾಡಿಸಿಕೊಳ್ಳಿ.

ಇಂಗ್ಲಿಷ್ ಬಗ್ಗೆ ಹೆದರಬೇಡಿ. ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮಾಧ್ಯಮ. ಕೆಲವು ವಿಶ್ವವಿದ್ಯಾಲಯಗಳು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತವೆ, ಕೆಲವಕ್ಕೆ ಬಿಇ ಇಂಗ್ಲಿಷ್‌ನಲ್ಲಿ ಓದಿದ್ದಾಳೆ ಅಂತ ಕಾಲೇಜಿನ ಪತ್ರ ಸಾಕು. ಪರೀಕ್ಷೆಗೆ ದುಡ್ಡು ಕಟ್ಟುವ ಮುಂಚೆ ಅಲ್ಲಿಯ ಕಚೇರಿಗೆ ಒಂದು ಇಮೇಲ್ ಹಾಕಿ ಕೇಳಿ. ಅಲ್ಲಿ ಹೋದ ಮೇಲೆ ಗೊತ್ತಾಯಿತು, ನನ್ನ ಕ್ಲಾಸಿನಲ್ಲಿ ಟರ್ಕಿಯವರು, ಪೋಲೆಂಡಿನವರು, ಜರ್ಮನ್ನರು, ಎಲ್ಲರಿಗೂ ಇಂಗ್ಲಿಷ್ ಎರಡನೇ ಭಾಷೆಯೇ. ನಿಧಾನವಾಗಿ, ಬಿಡಿಸಿ ಮಾತಾಡಿದರೆ ಎಲ್ಲರಿಗೂ ಅನುಕೂಲ.

ಹೆಜ್ಜೆ 2: ಯಾವ ವಿಷಯಕ್ಕೆ ಯಾವ ವಿಷಯ, ಬರೆಸಿಕೊಳ್ಳಿ

ಈ ಇಡೀ ಬರಹದಲ್ಲಿ ಇದನ್ನು ಮಾತ್ರ ಎರಡು ಸಲ ಓದಿ.

ನೀವು ಅಲ್ಲಿ ಪಾಸಾದ ವಿಷಯಗಳನ್ನು ಇಲ್ಲಿಯ ಕಾಲೇಜು ಒಪ್ಪಿಕೊಂಡರೆ ಮಾತ್ರ ನಿಮ್ಮ ಸೆಮಿಸ್ಟರ್ ಲೆಕ್ಕಕ್ಕೆ ಬರುತ್ತದೆ. ಅದಕ್ಕಾಗಿ ಹೋಗುವ ಮುಂಚೆಯೇ ಒಂದು ಪಟ್ಟಿ ಆಗುತ್ತದೆ. ಇದಕ್ಕೆ ಲರ್ನಿಂಗ್ ಅಗ್ರಿಮೆಂಟ್ ಅನ್ನುತ್ತಾರೆ. ಎಡಗಡೆ ಅಲ್ಲಿಯ ವಿಷಯ, ಬಲಗಡೆ ಅದಕ್ಕೆ ಸಮನಾದ ಇಲ್ಲಿಯ ವಿಷಯ, ಎರಡರ ಕೋಡ್, ಎರಡರ ಕ್ರೆಡಿಟ್. ಕೆಳಗೆ ನಿಮ್ಮ ಸಹಿ, ಇಲ್ಲಿಯವರ ಸಹಿ, ಅಲ್ಲಿಯವರ ಸಹಿ.

ಯೂರೋಪಿನಲ್ಲಿ ಕ್ರೆಡಿಟ್ ಲೆಕ್ಕ ಬೇರೆ. ಇಸಿಟಿಎಸ್ ಅನ್ನುತ್ತಾರೆ. ವರ್ಷಕ್ಕೆ 60, ಸೆಮಿಸ್ಟರ್‌ಗೆ 30. ಜರ್ಮನಿಯಲ್ಲಿ ಒಂದು ಕ್ರೆಡಿಟ್ ಅಂದರೆ ಕ್ಲಾಸು, ಓದು, ಪರೀಕ್ಷೆ ಸೇರಿ ಸುಮಾರು 30 ಗಂಟೆಯ ಕೆಲಸ. 6 ಕ್ರೆಡಿಟ್‌ನ ವಿಷಯಕ್ಕೆ 180 ಗಂಟೆ. ಹೊಸ ದೇಶ, ಹೊಸ ಚಳಿ, ಅಡುಗೆಯೂ ನಿಮ್ಮದೇ. 30 ಕ್ರೆಡಿಟ್ ಹೊರಬೇಡಿ, 24 ಸಾಕು. ನಾನು 24 ತಗೊಂಡೆ, ನಾಲ್ಕು ವಿಷಯ.

ಆ ನಾಲ್ಕರಲ್ಲಿ ಮೂರಕ್ಕೆ ಸಹಿ ಆಗಿತ್ತು. ನಾಲ್ಕನೆಯದನ್ನು ಅಲ್ಲಿ ಹೋದ ಮೇಲೆ ಬದಲಿಸಿದೆ, ಯಾಕೆಂದರೆ ಮೊದಲು ಆರಿಸಿದ್ದು ಜರ್ಮನ್ ಭಾಷೆಯಲ್ಲಿ ನಡೆಯುತ್ತಿತ್ತು. ಫೋನಿನಲ್ಲಿ ಕೇಳಿದಾಗ ಇಲ್ಲಿಯ ಕಾಲೇಜಿನವರು "ಆಯ್ತಮ್ಮ, ನೋಡೋಣ ಬಾ" ಅಂದರು. ನಾನು ಅದನ್ನು ಒಪ್ಪಿಗೆ ಅಂದುಕೊಂಡೆ. ವಾಪಸ್ ಬಂದಾಗ ಆ ವಿಷಯಕ್ಕೆ ಕ್ರೆಡಿಟ್ ಸಿಗಲಿಲ್ಲ. ಸಿಲಬಸ್ ಹೊಂದುವುದಿಲ್ಲ ಅಂದರು. "ನೋಡೋಣ" ಅನ್ನುವ ಮಾತನ್ನು ನೀವು ಒಪ್ಪಿಗೆ ಅಂತ ತಿಳಿಯಬೇಡಿ. ವಿಷಯ ಬದಲಾದ ದಿನವೇ ಇಮೇಲ್ ಹಾಕಿ, ಸಿಲಬಸ್ ಜೊತೆಗಿಡಿ, ಪಟ್ಟಿಗೆ ಹೊಸ ಸಹಿ ಕೇಳಿ. ವಾರದಲ್ಲಿ ಉತ್ತರ ಬರದಿದ್ದರೆ ಮತ್ತೆ ಕೇಳಿ. ಇದು ಎದುರು ಮಾತಾಡಿದ ಹಾಗಲ್ಲ.

ಹಾಜರಾತಿಯದ್ದೂ ಹೀಗೇ. ಅಲ್ಲಿ ಪರೀಕ್ಷೆ ಫೆಬ್ರವರಿಯಲ್ಲಿ ನಡೆಯುವಾಗ ಇಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿರಬಹುದು. ಆ ವಾರಗಳ ಹಾಜರಾತಿ ಏನಾಗುತ್ತದೆ ಅಂತ ಕೇಳಿ, ಅದನ್ನೂ ಪತ್ರದಲ್ಲಿ ಬರೆಸಿಕೊಳ್ಳಿ.

ಹೆಜ್ಜೆ 3: ಮನೆಯಲ್ಲಿ ಕೂತು ದುಡ್ಡಿನ ಲೆಕ್ಕ

ಮಂಡಿಪೇಟೆಯಲ್ಲಿ ಅಪ್ಪಾಜಿಯದು ಚಿಕ್ಕ ಅಂಗಡಿ. ಅವರಿಗೆ ಲೆಕ್ಕ ಅರ್ಥವಾದರೆ ಮಾತ್ರ ಒಪ್ಪುತ್ತಾರೆ ಅಂತ ನನಗೆ ಗೊತ್ತಿತ್ತು. ಒಂದು ಭಾನುವಾರ ಅಂಗಡಿಯ ಖಾತೆ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆದು ತೋರಿಸಿದೆ.

ದೊಡ್ಡ ಮೊತ್ತ ಬ್ಲಾಕ್ಡ್ ಅಕೌಂಟ್. ನಿಮ್ಮ ಖರ್ಚಿಗೆ ದುಡ್ಡಿದೆ ಅಂತ ವೀಸಾಕ್ಕೆ ತೋರಿಸುವ ಖಾತೆ ಇದು. ನಾನು ಹೋಗುವಾಗ ತಿಂಗಳಿಗೆ 992 ಯೂರೋ ಲೆಕ್ಕ, ವರ್ಷಕ್ಕೆ 11,904. ಆರು ತಿಂಗಳಿಗೆ 5,952 ಯೂರೋ. ಆಗ ಯೂರೋಗೆ ಸುಮಾರು 90 ರೂಪಾಯಿ ಇತ್ತು, ಅಂದರೆ ಐದೂಕಾಲು ಲಕ್ಷದ ಮೇಲೆ. ಅಪ್ಪಾಜಿ ಆ ಅಂಕಿ ನೋಡಿ ಪೆನ್ನು ಕೆಳಗಿಟ್ಟರು. ಇದು ಫೀಸ್ ಅಲ್ಲ, ನಮ್ಮದೇ ದುಡ್ಡು, ಅಲ್ಲಿ ತಿಂಗಳು ತಿಂಗಳು ನನ್ನ ಕೈಗೇ ಬರುತ್ತದೆ, ಉಳಿದದ್ದು ವಾಪಸ್ ತರಬಹುದು ಅಂತ ವಿವರಿಸಿದ ಮೇಲೆ ಮತ್ತೆ ಪೆನ್ನು ಎತ್ತಿಕೊಂಡರು. ಅರ್ಧ ಎಫ್‌ಡಿ ಮುರಿದು ಬಂತು. ಉಳಿದದ್ದಕ್ಕೆ ಅಮ್ಮನ ಬಳೆ ಬ್ಯಾಂಕಿನಲ್ಲಿ ಅಡವಿಟ್ಟೆವು.

ನನಗೆ ತಿಂಗಳಿಗೆ ಆದ ಖರ್ಚು ಹೀಗೆ. ವಿದ್ಯಾರ್ಥಿ ನಿಲಯದ ರೂಮಿಗೆ 330 ಯೂರೋ. ಆರೋಗ್ಯ ವಿಮೆಗೆ 120ರ ಮೇಲೆ. ಊಟಕ್ಕೆ 160ರ ಆಸುಪಾಸು. ಫೋನ್, ಸಣ್ಣಪುಟ್ಟದ್ದಕ್ಕೆ 70. ಓಡಾಟಕ್ಕೆ ಬೇರೆ ಖರ್ಚಾಗಲಿಲ್ಲ. ಸೆಮಿಸ್ಟರ್ ಶುರುವಿನಲ್ಲಿ ಕಟ್ಟುವ ಕೆಲವು ನೂರು ಯೂರೋ ಶುಲ್ಕದಲ್ಲೇ ಟ್ರಾಮ್, ಬಸ್ಸು, ಸ್ಥಳೀಯ ರೈಲಿನ ಪಾಸ್ ಸೇರಿತ್ತು. ಒಟ್ಟು ತಿಂಗಳಿಗೆ 700 ಯೂರೋ ದಾಟಲಿಲ್ಲ. ವಿಮಾನದ ಟಿಕೆಟ್, ವೀಸಾ ಶುಲ್ಕ 75 ಯೂರೋ, ಬೆಂಗಳೂರಿಗೆ ಓಡಾಟ, ಬೆಚ್ಚನೆ ಬಟ್ಟೆ ಇವೆಲ್ಲ ಬೇರೆ.

ಅಲ್ಲಿ ಕೆಲಸ ಮಾಡಿ ಖರ್ಚು ತೆಗೆಯುತ್ತೇನೆ ಅಂತ ಮನೆಯಲ್ಲಿ ಹೇಳಬೇಡಿ. ಹೊರದೇಶದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು, ಕಾನೂನು ಬಿಡುತ್ತದೆ. ಆದರೆ ಕೆಲಸ ಸಿಗುವ ಹೊತ್ತಿಗೆ ಒಂದು ಸೆಮಿಸ್ಟರ್ ಅರ್ಧ ಮುಗಿದಿರುತ್ತದೆ.

ಹೆಜ್ಜೆ 4: ರೂಮು, ವೀಸಾ

ಪ್ರವೇಶ ಪತ್ರ ಬಂದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿ. ವೀಸಾ ಬರಲಿ ಆಮೇಲೆ ನೋಡೋಣ ಅಂದುಕೊಂಡರೆ ರೂಮು ಸಿಗುವುದಿಲ್ಲ. ಹೊರಗೆ ಯಾರಾದರೂ ಫೋಟೊ ತೋರಿಸಿ, ಮೊದಲು ಅಡ್ವಾನ್ಸ್ ಹಾಕಿ, ಬೀಗದ ಕೈ ಪೋಸ್ಟಿನಲ್ಲಿ ಕಳಿಸುತ್ತೇನೆ ಅಂದರೆ ಅದು ಮೋಸ. ನನ್ನ ಜೊತೆಗಿದ್ದ ಒಬ್ಬಳು ಹಾಗೆ ಎರಡು ತಿಂಗಳ ಬಾಡಿಗೆ ಕಳೆದುಕೊಂಡಳು.

ವೀಸಾ ಅರ್ಜಿಗೆ ಬೆಂಗಳೂರಿಗೆ ಹೋಗಬೇಕು. ಪಾಸ್‌ಪೋರ್ಟ್, ಪ್ರವೇಶ ಪತ್ರ, ಬ್ಲಾಕ್ಡ್ ಅಕೌಂಟಿನ ದೃಢೀಕರಣ, ವಿಮೆ, ಅಂಕಪಟ್ಟಿಗಳು, ಕಾಲೇಜಿನ ಪತ್ರ, ಯಾಕೆ ಹೋಗುತ್ತಿದ್ದೀರಿ ಅನ್ನುವ ಒಂದು ಪುಟ. ಆ ಒಂದು ಪುಟ ನೀವೇ ಬರೆಯಿರಿ. ನಾನು ಚಿತ್ರದುರ್ಗದ ಗಾಳಿಯಂತ್ರಗಳ ಬಗ್ಗೆಯೇ ಬರೆದೆ. ವೀಸಾ ಪೂರ್ತಿ ಸೆಮಿಸ್ಟರ್‌ಗೆ ಕೊಟ್ಟಿದ್ದಾರಾ ಅಂತ ಕೈಗೆ ಬಂದ ತಕ್ಷಣ ದಿನಾಂಕ ನೋಡಿ. ಕಡಿಮೆ ಇದ್ದರೆ ಅಲ್ಲಿ ಹೋಗಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಪೂರ್ತಿ ಡಿಗ್ರಿಗೆ ಹೋಗುವವರ ದಾರಿ ಬೇರೆ. ಅವರಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರವೂ ಬೇಕು, ಅಂದರೆ ಇಲ್ಲಿಯ ಅಂಕಪಟ್ಟಿಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ.

ಹೆಜ್ಜೆ 5: ಪೆಟ್ಟಿಗೆ ಕಟ್ಟುವುದು

ಅಮ್ಮನಿಗೆ ಹೇಳಲು ಕಷ್ಟವಾದ ಮಾತು ಇದು. ಬೆಣ್ಣೆ, ತುಪ್ಪ, ಪೇಡ ಒಯ್ಯುವಂತಿಲ್ಲ. ಯೂರೋಪ್ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ನಿಷೇಧ ಇದೆ. ಹಸಿ ಕರಿಬೇವು, ಮಾವಿನಕಾಯಿಗೂ ಬೇರೆ ಪ್ರಮಾಣಪತ್ರ ಬೇಕು, ಬಿಟ್ಟುಬಿಡಿ. ಒಣಗಿದ್ದನ್ನು ಒಯ್ಯಿರಿ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಸಾರಿನ ಪುಡಿ, ಕಡಕ್ ಜೋಳದ ರೊಟ್ಟಿ. ನಾನು ಎರಡು ಕೆಜಿ ಮಂಡಕ್ಕಿಯನ್ನೂ ಒಯ್ದೆ. ತೂಕ ಕಡಿಮೆ, ಜಾಗ ಜಾಸ್ತಿ ಹಿಡಿಯುತ್ತದೆ, ಬಟ್ಟೆಗಳ ಸಂದಿಯಲ್ಲಿ ಪ್ಯಾಕೆಟ್ ಸಿಕ್ಕಿಸಿದರೆ ಆಯಿತು. ಈರುಳ್ಳಿ, ಟೊಮೆಟೊ ಅಲ್ಲೇ ಸಿಗುತ್ತವೆ. ಸಂಜೆ ಖಾರ ಮಂಡಕ್ಕಿ ಕಲಸಿದರೆ ಕಾರಿಡಾರಿನವರೆಲ್ಲ ಬಟ್ಟಲು ಹಿಡಿದು ಬರುತ್ತಿದ್ದರು.

ಔಷಧಿಯನ್ನು ವೈದ್ಯರ ಚೀಟಿ ಸಮೇತ ಒಯ್ಯಿರಿ. ಅಲ್ಲಿ ಜ್ವರದ ಮಾತ್ರೆ ಕೂಡ ಔಷಧಿ ಅಂಗಡಿಯಲ್ಲಿ ಮಾತ್ರ ಸಿಗುತ್ತದೆ, ಆಂಟಿಬಯೋಟಿಕ್ ಚೀಟಿ ಇಲ್ಲದೆ ಕೊಡುವುದಿಲ್ಲ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿಯ ಸಾಕೆಟ್ಟಿಗೆ ಕೂರುವುದಿಲ್ಲ. ಒಂದು ಅಡಾಪ್ಟರ್ ಮತ್ತು ಊರಿನ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ಲ್ಯಾಪ್‌ಟಾಪ್, ಫೋನ್ ಎಲ್ಲದಕ್ಕೂ ಆಗುತ್ತದೆ.

ಇನ್ನೊಂದು ಮರೆಯಬೇಡಿ. ಇಲ್ಲಿಯ ಬ್ಯಾಂಕಿನ ಒಟಿಪಿ ನಿಮ್ಮ ಇಲ್ಲಿಯ ಸಿಮ್‌ಗೇ ಬರುತ್ತದೆ. ಹೊರಡುವ ಮುಂಚೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿ, ಆರು ತಿಂಗಳೂ ರೀಚಾರ್ಜ್ ನಿಲ್ಲದಂತೆ ಮನೆಯವರಿಗೆ ಹೇಳಿ.

ಹೆಜ್ಜೆ 6: ಮೊದಲ ಎರಡು ವಾರ

ದಾವಣಗೆರೆಯಿಂದ ರಾತ್ರಿ ಬಸ್ಸು, ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ ಬ್ರೆಮೆನ್. ಇಳಿದ ಮೇಲೆ ಮಲಗಿ ಎದ್ದು ಮೊದಲು ಮಾಡಬೇಕಾದ್ದು ವಿಳಾಸ ನೋಂದಣಿ. ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆಗೆ ಬಂದ ಎರಡು ವಾರದೊಳಗೆ ಮಾಡಿಸಬೇಕು ಅಂತ ಕಾನೂನು. ಮನೆ ಕೊಟ್ಟವರಿಂದ ಒಂದು ದೃಢೀಕರಣ ಪತ್ರ ಬೇಕು, ರೂಮಿನ ಕೀ ತಗೊಳ್ಳುವಾಗಲೇ ಅದನ್ನು ಕೇಳಿ. ಈ ನೋಂದಣಿ ಚೀಟಿ ಮುಂದೆ ಎಲ್ಲ ಕಡೆ ಬೇಕಾಗುತ್ತದೆ. ವಿಮೆ, ಬ್ಯಾಂಕ್, ಸಿಮ್ ಇವು ಆಮೇಲೆ.

ಸ್ವಲ್ಪ ದಿನಕ್ಕೆ ಟಿವಿ, ರೇಡಿಯೊ ಶುಲ್ಕ ಕಟ್ಟಿ ಅಂತ ಒಂದು ಕಾಗದ ಬರುತ್ತದೆ. ತಿಂಗಳಿಗೆ 18.36 ಯೂರೋ. ನಮ್ಮ ಹತ್ತಿರ ಟಿವಿ ಇಲ್ಲ ಅಂತ ಬಿಸಾಡಬೇಡಿ. ಇದು ಮನೆಗೊಂದು ಶುಲ್ಕ. ಹಂಚಿಕೊಂಡ ಮನೆಯಾದರೆ ಒಬ್ಬರು ಕಟ್ಟಿದರೆ ಸಾಕು. ಮನೆಯಲ್ಲಿ ಈಗಾಗಲೇ ಯಾರು ಕಟ್ಟುತ್ತಿದ್ದಾರೆ ಅಂತ ಕೇಳಿ, ಅವರ ಸಂಖ್ಯೆ ಬರೆದು ಕಳಿಸಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತನ್ನಿ. ರಾತ್ರಿ ಹತ್ತರ ಮೇಲೆ ಸದ್ದು ಬೇಡ. ನೀರಿನ ಪ್ಲಾಸ್ಟಿಕ್ ಬಾಟಲಿ ಬಿಸಾಡಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸ್. ಚಳಿ ಎಷ್ಟೇ ಇರಲಿ, ದಿನಕ್ಕೆ ಎರಡು ಮೂರು ಸಲ ಐದೈದು ನಿಮಿಷ ಕಿಟಕಿ ಪೂರ್ತಿ ತೆಗೆಯಿರಿ. ಇಲ್ಲದಿದ್ದರೆ ಅಡುಗೆಯ ಹಬೆಗೆ ಗೋಡೆ ಬೂಷ್ಟು ಹಿಡಿಯುತ್ತದೆ, ಅಡ್ವಾನ್ಸಿನಲ್ಲಿ ದುಡ್ಡು ಮುರಿದುಕೊಳ್ಳುತ್ತಾರೆ.

ಹೆಜ್ಜೆ 7: ಕ್ಲಾಸಿನಲ್ಲಿ

ವೇಳಾಪಟ್ಟಿಯಲ್ಲಿ 10 ಅಂತ ಬರೆದು ಪಕ್ಕದಲ್ಲಿ ಸಿ.ಟಿ. ಅಂತ ಇದ್ದರೆ ಕ್ಲಾಸು ಶುರುವಾಗುವುದು ಹತ್ತೂಕಾಲಿಗೆ. ಎಸ್.ಟಿ. ಅಂತ ಇದ್ದರೆ ಸರಿಯಾಗಿ ಹತ್ತಕ್ಕೆ. ಪಾಠ ಮುಗಿದ ಮೇಲೆ ಎಲ್ಲರೂ ಮೇಜನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಅದು ಚಪ್ಪಾಳೆ.

ನನ್ನ ವಿಷಯಗಳಲ್ಲಿ ಇಂಟರ್ನಲ್ಸ್ ಇರಲಿಲ್ಲ. ಹಾಜರಿ ಕೂಗಲಿಲ್ಲ. ಕೊನೆಯ ಒಂದು ಪರೀಕ್ಷೆಯೇ ಪೂರ್ತಿ ಅಂಕ. ಆ ಪರೀಕ್ಷೆಗೆ ಪ್ರತ್ಯೇಕವಾಗಿ ಆನ್‌ಲೈನ್‌ನಲ್ಲಿ ಹೆಸರು ಕೊಡಬೇಕು. ಕೊನೆಯ ದಿನ ತಪ್ಪಿದರೆ ಎಷ್ಟು ಓದಿದ್ದರೂ ಒಳಗೆ ಬಿಡುವುದಿಲ್ಲ. ಸೆಮಿಸ್ಟರ್‌ನ ಮೊದಲ ವಾರದಲ್ಲೇ ಆ ದಿನಾಂಕ ಕೇಳಿ ಗೋಡೆಗೆ ಅಂಟಿಸಿ. ಅಂಕಗಳು ತಲೆಕೆಳಗು. 1.0 ಎಲ್ಲಕ್ಕಿಂತ ಒಳ್ಳೆಯದು, 4.0 ಬಂದರೆ ಪಾಸು, 5.0 ಫೇಲು.

ಮೊದಲ ಮೂರು ವಾರ ಪವರ್ ಎಲೆಕ್ಟ್ರಾನಿಕ್ಸ್ ಕ್ಲಾಸಿನಲ್ಲಿ ನಾನು ಬಾಯಿ ಬಿಡಲಿಲ್ಲ. ಎಲ್ಲ ಬರೆದುಕೊಳ್ಳುತ್ತಿದ್ದೆ, ರಾತ್ರಿ ತೆಗೆದರೆ ಒಂದೂ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ಕೂರುತ್ತಿದ್ದ ಟರ್ಕಿಯ ಹುಡುಗಿ ಪಾಠದ ಮಧ್ಯೆಯೇ ಕೈಯೆತ್ತಿ, ಹಿಂದಿನ ಸ್ಲೈಡ್ ಅರ್ಥವಾಗಲಿಲ್ಲ ಅಂದಳು. ನನಗೆ ಎದೆ ಧಸಕ್ಕೆಂದಿತು. ಪ್ರೊಫೆಸರ್ ಹಿಂದಿನ ಸ್ಲೈಡ್ ಹಾಕಿ ಮತ್ತೆ ಹೇಳಿದರು. ಅಷ್ಟೇ. ಯಾರೂ ತಿರುಗಿ ನೋಡಲಿಲ್ಲ.

ಪ್ರತಿ ಪ್ರೊಫೆಸರ್‌ಗೂ ವಾರದಲ್ಲಿ ವಿದ್ಯಾರ್ಥಿಗಳನ್ನು ನೋಡುವ ಸಮಯ ಇರುತ್ತದೆ. ಶ್ಪ್ರೆಖ್‌ಷ್ಟುಂಡೆ ಅನ್ನುತ್ತಾರೆ. ಇಮೇಲ್ ಹಾಕಿ ಹೋದೆ. ಬಾಗಿಲಲ್ಲಿ ನಿಂತೇ ಇದ್ದೆ, ಅವರು ಕುರ್ಚಿ ಎಳೆದು ಕೊಟ್ಟರು. ಎಲ್ಲ ಗೊಂದಲವಾಗಿದೆ ಅಂದೆ. ಎಲ್ಲಿವರೆಗೆ ತಿಳಿದಿದೆ, ಅಲ್ಲಿಂದ ಬೋರ್ಡಿನ ಮೇಲೆ ಬರೆ ಅಂದರು. ಬರೆಯುತ್ತಾ ಹೋದೆ, ಎರಡನೇ ಸಾಲಿನಲ್ಲೇ ತಪ್ಪು ಸಿಕ್ಕಿತು. ಹದಿನೈದು ನಿಮಿಷ ಸಾಕಾಯಿತು. ಮೂರು ವಾರ ಯಾಕೆ ಕಾದೆ ಅಂತ ವಾಪಸ್ ಬರುವಾಗ ಟ್ರಾಮಿನಲ್ಲಿ ಅಳು ಬಂತು. ಅವತ್ತಿನಿಂದ ಪ್ರತಿ ವಾರ ಹೋದೆ. ನೀವು ಹೋಗುವಾಗ ಪ್ರಶ್ನೆಯನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ, ನೀವು ಮಾಡಿದ ಪ್ರಯತ್ನವನ್ನೂ ತೋರಿಸಿ.

ಜರ್ಮನ್‌ನಲ್ಲೂ ನಮ್ಮ ಹಾಗೇ ನೀನು, ನೀವು ಬೇರೆ ಬೇರೆ. ಡೂ ಅಂದರೆ ನೀನು, ಝೀ ಅಂದರೆ ನೀವು. ವಿದ್ಯಾರ್ಥಿಗಳ ನಡುವೆ ಡೂ, ಪ್ರೊಫೆಸರ್‌ಗೆ, ಕಚೇರಿಯವರಿಗೆ ಝೀ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದು ಕಷ್ಟವಂತೆ. ನಮಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಹೆಜ್ಜೆ 8: ನವೆಂಬರ್ ದಾಟುವುದು

ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ನಮ್ಮೂರಿಗೂ ಅಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಡಿಸೆಂಬರ್‌ನಲ್ಲಿ ಬೆಳಗ್ಗೆ ಎಂಟೂವರೆಗೆ ಬೆಳಕು, ಸಂಜೆ ನಾಲ್ಕೂಕಾಲಿಗೆಲ್ಲ ಕತ್ತಲು. ಬ್ರೆಮೆನ್‌ನಲ್ಲಿ ಹಿಮಕ್ಕಿಂತ ಮಳೆಗಾಳಿಯೇ ಜಾಸ್ತಿ. ದಪ್ಪ ಸ್ವೆಟರ್‌ಗಿಂತ ನೀರು ಇಳಿಯದ ಜಾಕೆಟ್, ಶೂ ಮುಖ್ಯ. ಅವನ್ನು ಅಲ್ಲೇ ಕೊಳ್ಳಿ.

ಆ ವರ್ಷ ನರಕ ಚತುರ್ದಶಿ ಅಕ್ಟೋಬರ್ 31ಕ್ಕೆ ಬಂತು. ಬ್ರೆಮೆನ್‌ನಲ್ಲೂ ಅವತ್ತು ಸರ್ಕಾರಿ ರಜೆ, ಕ್ರೈಸ್ತ ಧರ್ಮ ಸುಧಾರಣೆಯ ದಿನ. ಅಂಗಡಿಗಳೆಲ್ಲ ಮುಚ್ಚಿದ್ದವು. ಎಣ್ಣೆ ಸ್ನಾನ ಮಾಡಿ, ಇದ್ದ ಅಕ್ಕಿಯಲ್ಲಿ ಚಿತ್ರಾನ್ನ ಮಾಡಿ, ಊರಿಗೆ ವಿಡಿಯೊ ಕಾಲ್ ಹಾಕಿದೆ. ಅಮ್ಮ ಫೋನನ್ನು ಬಾಗಿಲ ಹೊರಗೆ ತಂದು ಬೀದಿ ತುಂಬ ದೀಪ ತೋರಿಸಿದಳು. ಫೋನ್ ಇಟ್ಟ ಮೇಲೆ ರೂಮಿನಲ್ಲಿ ಕೂರಲು ಆಗಲಿಲ್ಲ.

ಇಂಥ ದಿನಗಳು ಬರುತ್ತವೆ, ಮೊದಲೇ ವ್ಯವಸ್ಥೆ ಮಾಡಿಟ್ಟುಕೊಳ್ಳಿ. ಮನೆಗೆ ಕರೆ ಮಾಡಲು ದಿನದ ಒಂದು ಹೊತ್ತು ಗೊತ್ತು ಮಾಡಿ. ನನ್ನದು ಅಲ್ಲಿಯ ನಾಲ್ಕೂವರೆ, ಊರಿನ ಒಂಬತ್ತು, ಅಪ್ಪಾಜಿ ಅಂಗಡಿ ಮುಚ್ಚಿ ಬಂದಿರುತ್ತಿದ್ದರು. ಮಧ್ಯಾಹ್ನದ ಬೆಳಕು ಇರುವಾಗ ಹೊರಗೆ ನಡೆಯಿರಿ. ವೇಸರ್ ನದಿ ದಂಡೆಯಲ್ಲಿ ದಿನಕ್ಕೆ ಅರ್ಧ ಗಂಟೆ ನಡೆದದ್ದೇ ನನ್ನನ್ನು ಉಳಿಸಿತು. ವಾರಕ್ಕೊಮ್ಮೆ ಯಾರ ಜೊತೆಗಾದರೂ ಅಡುಗೆ ಮಾಡಿ. ನಿದ್ದೆ, ಊಟ ಎರಡೂ ಕೆಟ್ಟು ಎರಡು ವಾರ ಆದರೆ ವಿಶ್ವವಿದ್ಯಾಲಯದ ಆಪ್ತಸಲಹೆ ಕೇಂದ್ರಕ್ಕೆ ಹೋಗಿ ಹೇಳಿ. ನಾನು ಹೋಗಿದ್ದೆ. ತುರ್ತು ಇದ್ದರೆ 112.

ಹೆಜ್ಜೆ 9: ವಾಪಸ್ ಬರುವುದು

ಹೊರಡುವ ಒಂದು ತಿಂಗಳು ಮುಂಚೆ ಶುರು ಮಾಡಿ. ರೂಮು ಬಿಡುವ ನೋಟಿಸ್ ಇನ್ನೂ ಮುಂಚೆ ಕೊಡಬೇಕಾಗಬಹುದು, ಒಪ್ಪಂದದಲ್ಲಿ ನೋಡಿ. ವಿಳಾಸ ನೋಂದಣಿ ರದ್ದು ಮಾಡಿಸಿ, ಆ ಚೀಟಿ ತೋರಿಸಿ ವಿಮೆ ನಿಲ್ಲಿಸಿ. ಬ್ಲಾಕ್ಡ್ ಅಕೌಂಟಿನಲ್ಲಿ ಉಳಿದ ದುಡ್ಡು ಊರಿನ ಖಾತೆಗೆ ಹಾಕಿಸಿ. ಬ್ಯಾಂಕ್ ಖಾತೆಯನ್ನು ಕೊನೆಗೆ ಮುಚ್ಚಿ, ರೂಮಿನ ಅಡ್ವಾನ್ಸ್ ಬರುವುದಿರುತ್ತದೆ.

ಫಲಿತಾಂಶ ಬರಲು ಪರೀಕ್ಷೆ ಮುಗಿದ ಮೇಲೆ ಕೆಲವು ವಾರ ಆಗುತ್ತದೆ. ಅಂಕಪಟ್ಟಿಯನ್ನು ಇಮೇಲ್‌ನಲ್ಲೂ ಕಳಿಸಿ, ಮೂಲ ಪ್ರತಿಯನ್ನು ಊರಿನ ವಿಳಾಸಕ್ಕೂ ಕಳಿಸಿ ಅಂತ ಅಲ್ಲಿಯ ಕಚೇರಿಗೆ ಹೋಗಿ ಕೇಳಿ ಬನ್ನಿ. ಪ್ರತಿ ವಿಷಯದ ಪೂರ್ತಿ ಸಿಲಬಸ್ ಇಳಿಸಿಕೊಳ್ಳಿ, ಅಲ್ಲಿಯ ಲಾಗಿನ್ ಮುಚ್ಚಿದ ಮೇಲೆ ಸಿಗುವುದಿಲ್ಲ.

ನಾನು ಯುಗಾದಿಗೆ ಮೂರು ದಿನ ಮುಂಚೆ ಊರಿಗೆ ಬಂದೆ. ಅಂಕಪಟ್ಟಿ ಮೇ ತಿಂಗಳಲ್ಲಿ ವಿದ್ಯಾನಗರದ ಮನೆಗೆ ಅಂಚೆಯಲ್ಲಿ ಬಂತು. ಮೂರು ವಿಷಯದ ಕ್ರೆಡಿಟ್ ಸಿಕ್ಕಿತು. ನಾಲ್ಕನೆಯದಕ್ಕೆ, ಗಾಳಿ ವಿದ್ಯುತ್ತನ್ನು ಗ್ರಿಡ್‌ಗೆ ಸೇರಿಸುವ ವಿಷಯ ಅದು, ನನಗೆ 1.7 ಬಂದಿತ್ತು. ಕ್ರೆಡಿಟ್ ಇಲ್ಲ ಅಂದ ದಿನ ಮನೆಗೆ ಬಂದು ಮಲಗಿಬಿಟ್ಟೆ. ಮರುದಿನ ಎದ್ದು ಸಿಲಬಸ್ ಎರಡನ್ನೂ ಪಕ್ಕಪಕ್ಕ ಇಟ್ಟು, ಎಲ್ಲೆಲ್ಲಿ ಹೊಂದುತ್ತದೆ ಅಂತ ಘಟಕವಾರು ಬರೆದು, ಮತ್ತೊಮ್ಮೆ ಪರಿಶೀಲಿಸಿ ಅಂತ ಅರ್ಜಿ ಬರೆದೆ. ಎರಡು ಪ್ರತಿ ಒಯ್ದೆ. ಒಂದನ್ನು ಕಚೇರಿಗೆ ಕೊಟ್ಟೆ. ಇನ್ನೊಂದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಬಂದು ಫೈಲಿನಲ್ಲಿ ಇಟ್ಟಿದ್ದೇನೆ.